ಬಳಸುವವರ ಅಂಗಳದಿಂದ ಆರಂಭವಾಗುವ ವಿನ್ಯಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜುಗಳಲ್ಲೂ ಕಂಪನಿಗಳಲ್ಲೂ ಈಗ ‘ಡಿಸೈನ್ ಥಿಂಕಿಂಗ್’ ಎಂದು ಹೆಸರಾಗಿರುವ ಮಾನವ ಕೇಂದ್ರಿತ ವಿನ್ಯಾಸ ಚಿಂತನೆಯ, ಅಂದರೆ ಬಳಸುವವರನ್ನು ಅರಿತು ಅವರ ಅಗತ್ಯಕ್ಕೆ ತಕ್ಕಂತೆ ವಸ್ತುವನ್ನೋ ಸೇವೆಯನ್ನೋ ರೂಪಿಸುವ ಕ್ರಮದ ಬಗ್ಗೆ ಹಲವು ಪತ್ರಗಳು ಬಂದಿವೆ. ಈ ಸಂಚಿಕೆಯ ಪ್ರಶ್ನೋತ್ತರವನ್ನು ಆ ವಿಷಯಕ್ಕೇ ಮೀಸಲಿಟ್ಟು, ಹೊಸಬರಿಗೆ ಉಪಯೋಗವಾಗುವಂಥ ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇವೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ನಮಗೆ ‘ಇನ್ನೊವೇಷನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವಿದೆ. ಎಂಪಥೈಸ್ (ಬಳಸುವವರನ್ನು ಅರಿಯುವುದು), ಡಿಫೈನ್ (ಸಮಸ್ಯೆಯನ್ನು ಸ್ಪಷ್ಟಪಡಿಸುವುದು), ಐಡಿಯೇಟ್ (ಉಪಾಯ ಹುಡುಕುವುದು), ಪ್ರೊಟೊಟೈಪ್ (ಮಾದರಿ ಮಾಡುವುದು), ಟೆಸ್ಟ್ (ಪರೀಕ್ಷಿಸುವುದು) ಎಂಬ ಐದು ಹಂತಗಳನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ನಿಜವಾಗಿ ಏನು ಮಾಡಬೇಕೆಂಬುದು ತಿಳಿದಿಲ್ಲ. ನನಗೆ ಚಿತ್ರ ಬಿಡಿಸಲೂ ಬರುವುದಿಲ್ಲ.
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಚಿತ್ರ ಬಿಡಿಸುವ ಕೌಶಲಕ್ಕೂ ಈ ವಿಷಯಕ್ಕೂ ಇರುವ ಸಂಬಂಧ ಬಹಳ ಕಡಿಮೆ. ಇರುವ ಸ್ಥಿತಿಯನ್ನು ತಮಗೆ ಬೇಕಾದ ಸ್ಥಿತಿಗೆ ತರಲು ದಾರಿ ಹುಡುಕುವವರೆಲ್ಲರೂ ವಿನ್ಯಾಸವನ್ನೇ ಮಾಡುತ್ತಿರುತ್ತಾರೆ ಎಂಬರ್ಥದ ಮಾತನ್ನು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1969ರಲ್ಲೇ ಬರೆದಿದ್ದರು. ಆ ಲೆಕ್ಕದಲ್ಲಿ ಆಸ್ಪತ್ರೆಯ ಚೀಟಿಯನ್ನು ರೋಗಿಗೆ ಓದಲು ಬರುವಂತೆ ತಿದ್ದುವ ಗುಮಾಸ್ತರೂ ವಿನ್ಯಾಸಕಾರರೇ. ನೀವು ಬಾಯಿಪಾಠ ಮಾಡಿರುವ ಐದು ಹಂತಗಳು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಡಿ.ಸ್ಕೂಲ್’ ಎಂಬ ವಿನ್ಯಾಸ ಸಂಸ್ಥೆಯ ಮೂಲಕ ಎಲ್ಲೆಡೆ ಹರಡಿದವು. ಕಲಿಸಲು ಅನುಕೂಲವೆಂದು ಅವನ್ನು ಒಂದರ ಕೆಳಗೊಂದು ಬರೆಯುತ್ತಾರೆ. ಕೆಲಸ ಮಾತ್ರ ಆ ಕ್ರಮದಲ್ಲಿ ನಡೆಯುವುದು ಅಪರೂಪ. ಮಾದರಿಯನ್ನು ಪರೀಕ್ಷಿಸುವಾಗಲೇ ಸಮಸ್ಯೆಯನ್ನು ತಪ್ಪಾಗಿ ಗ್ರಹಿಸಿದ್ದೇವೆಂದು ಗೊತ್ತಾಗಿ, ಐದನೆಯ ಹಂತದಿಂದ ಮೊದಲನೆಯದಕ್ಕೆ ಹಿಂದಿರುಗಬೇಕಾಗುವುದು ಸಾಮಾನ್ಯ. ಹಾಗೆ ಹಿಂದಿರುಗಿದ್ದನ್ನು ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಮುಚ್ಚಿಡಬೇಡಿ. ಓದುವವರಿಗೆ ನಿಜವಾಗಿ ಬೇಕಾಗಿರುವ ಪುಟ ಅದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗಬಹುದು. 2007ರಲ್ಲಿ ಅದೇ ಸ್ಟ್ಯಾನ್‌ಫರ್ಡಿನ ಒಂದು ತರಗತಿಯಲ್ಲಿ, ಬಡ ದೇಶಗಳಿಗಾಗಿ ಅತಿ ಕಡಿಮೆ ಬೆಲೆಯ ಇನ್‌ಕ್ಯುಬೇಟರ್ ಮಾಡಬೇಕೆಂಬ ಕೆಲಸವನ್ನು ವಿದ್ಯಾರ್ಥಿಗಳ ಒಂದು ತಂಡಕ್ಕೆ ಕೊಡಲಾಯಿತು. ಅವಧಿಗೆ ಮುನ್ನ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳಿಗೆ ತಮ್ಮ ಮೈಯ ಬಿಸಿಯನ್ನು ಉಳಿಸಿಕೊಳ್ಳುವ ಶಕ್ತಿ ಇರುವುದಿಲ್ಲವಾದ್ದರಿಂದ ಅವನ್ನು ಬೆಚ್ಚಗಿಡುವ ಪೆಟ್ಟಿಗೆ ಬೇಕಾಗುತ್ತದೆ. ತರಗತಿಯಲ್ಲೇ ಕುಳಿತಿದ್ದರೆ ಆ ತಂಡದವರು ಇರುವ ಯಂತ್ರದ ಬಿಡಿಭಾಗಗಳನ್ನು ಒಂದೊಂದಾಗಿ ಅಗ್ಗವಾಗಿಸುತ್ತ ಹೋಗುತ್ತಿದ್ದರು. ಆದರೆ ತಂಡದ ಒಬ್ಬರು ನೇಪಾಳಕ್ಕೆ ಹೋಗಿ ನೋಡಿದಾಗ, ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ನಗರದ ಆಸ್ಪತ್ರೆಯಲ್ಲಿ ಖಾಲಿ ಬಿದ್ದಿದ್ದವು. ಶಿಶುಗಳು ಹುಟ್ಟುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ, ಮತ್ತು ಅವುಗಳಲ್ಲಿ ಅನೇಕವು ಆಸ್ಪತ್ರೆಯವರೆಗೆ ತಲುಪುತ್ತಲೇ ಇರಲಿಲ್ಲ. ಯಂತ್ರದ ಬೆಲೆಯನ್ನು ಎಷ್ಟು ಇಳಿಸಿದರೂ ಆ ಮಕ್ಕಳಿಗೆ ಪ್ರಯೋಜನವಿರಲಿಲ್ಲ. ಮನೆಯಲ್ಲಿ ಅಥವಾ ದಾರಿಯಲ್ಲಿ, ನಿರಂತರ ವಿದ್ಯುತ್ತಿನ ಹಂಗಿಲ್ಲದೆ, ತಾಯಿಯೇ ಬಳಸಬಹುದಾದ ಸಾಧನ ಬೇಕಾಗಿತ್ತು. ಹೀಗೆ ಸಮಸ್ಯೆಯ ಹೇಳಿಕೆ ಬದಲಾದ ಮೇಲೆ ಹುಟ್ಟಿದ್ದು, ಮೇಣದಂಥ ವಸ್ತು ತುಂಬಿದ ಚೀಲವನ್ನು ಒಳಗಿಟ್ಟುಕೊಳ್ಳುವ ಪುಟ್ಟ ಮಲಗುಚೀಲ. ಒಮ್ಮೆ ಕಾಯಿಸಿದರೆ ಆ ವಸ್ತು ಹಲವು ಗಂಟೆಗಳ ಕಾಲ ಸುಮಾರು 37 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಹಿಡಿದಿಡುತ್ತದೆ. ‘ಎಂಬ್ರೇಸ್’ ಎಂಬ ಹೆಸರಿನ ಆ ತಂಡ ಮುಂದೆ ಬೆಂಗಳೂರಿಗೇ ಬಂದು ನೆಲೆಸಿ ಸಾಧನವನ್ನು ಬೆಳೆಸಿತು.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಮೊದಲ ಮಾದರಿಗಳಲ್ಲಿ ಉಷ್ಣತೆಯನ್ನು ಅಂಕಿಗಳಲ್ಲಿ ತೋರಿಸಲಾಗುತ್ತಿತ್ತು. ಇಂಗ್ಲಿಷ್ ಔಷಧ ಬಹಳ ಕಡಕ್ಕೆಂದು ನಂಬಿದ್ದ ಹಳ್ಳಿಯ ತಾಯಂದಿರು, ಮಗುವಿಗೆ ಔಷಧದ ಪ್ರಮಾಣವನ್ನು ತಗ್ಗಿಸಿ ಕೊಡುವಂತೆಯೇ, ಸೂಚಿಸಿದ ಬಿಸಿಗಿಂತ ಸ್ವಲ್ಪ ಕಡಿಮೆ ಬಿಸಿಯೇ ಕ್ಷೇಮವೆಂದು ಎಣಿಸುವ ಸಾಧ್ಯತೆ ಪರೀಕ್ಷೆಯ ವೇಳೆ ತಂಡದ ಗಮನಕ್ಕೆ ಬಂತು. ಅದು ತಾಯಿಯ ಎಚ್ಚರಿಕೆಯಿಂದ ಹುಟ್ಟಿದ ನಡವಳಿಕೆಯಾದ್ದರಿಂದ ಅದನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ. ತಂಡ ಅಂಕಿಗಳನ್ನೇ ತೆಗೆದುಹಾಕಿ, ಚೀಲ ಬಳಕೆಗೆ ತಯಾರಾಗಿದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸುವ ಸೂಚಕವನ್ನು ಇಟ್ಟಿತು.

ನಿಮ್ಮ ಐದು ಹಂತಗಳೂ ಈ ಕಥೆಯಲ್ಲಿವೆ. ಪರೀಕ್ಷೆಯಲ್ಲಿ ಅವನ್ನು ಹೆಸರಿಸಿ ಅಂಕ ಪಡೆಯಿರಿ. ಪ್ರಾಜೆಕ್ಟಿಗೆ ಮಾತ್ರ ನೀವು ನಿತ್ಯ ನಡೆದು ತಲುಪಬಹುದಾದ ಒಂದು ಜಾಗವನ್ನು ಆರಿಸಿಕೊಳ್ಳಿ. ಹಾಸ್ಟೆಲ್ಲಿನ ಊಟದ ಮನೆಯಾಗಲಿ, ಬಸ್ ಪಾಸಿನ ಕೌಂಟರ್ ಆಗಲಿ ಸಾಕು. ರೈತರ ಸಮಸ್ಯೆಗೆ ಮೊಬೈಲ್ ಆ್ಯಪ್ ಎಂಬ ಪ್ರಾಜೆಕ್ಟುಗಳು ಪ್ರತಿ ವರ್ಷ ನೂರಾರು ತಯಾರಾಗುತ್ತವೆ. ಅವುಗಳಲ್ಲಿ ಎಷ್ಟು ತಂಡಗಳು ಹೊಲಕ್ಕೆ ಹೋಗಿಬಂದಿವೆಯೆಂಬ ಸಂಶಯ ನನಗಂತೂ ಇದೆ.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ನಮ್ಮಲ್ಲಿ ಮಕ್ಕಳು ಬರುತ್ತಾರೆ, ಪತ್ರಿಕೆ ಓದಲು ಗಂಡಸರು ಬರುತ್ತಾರೆ, ಹೆಂಗಸರು ಬರುವುದಿಲ್ಲ. ಮನೆಮನೆಗೆ ಫಾರಂ ಕೊಟ್ಟು ಕೇಳಿದೆವು. ಬಹುತೇಕ ಎಲ್ಲರೂ ಗ್ರಂಥಾಲಯ ಬೇಕು, ಬರುತ್ತೇವೆ ಎಂದು ಬರೆದರು. ಯಾರೂ ಬರಲಿಲ್ಲ. ಈ ವಿಧಾನ ನಮ್ಮಂಥವರಿಗೆ ಉಪಯೋಗವಾದೀತೇ?
— ಗ್ರಂಥಾಲಯ ಮೇಲ್ವಿಚಾರಕಿ, ಹಾವೇರಿ ಜಿಲ್ಲೆ

ಉತ್ತರ: ಖಂಡಿತವಾಗಿ ಉಪಯೋಗವಾಗುತ್ತದೆ, ಮತ್ತು ನಿಮ್ಮ ಫಾರಂ ಸೋತದ್ದರಲ್ಲೇ ಮೊದಲ ಪಾಠವಿದೆ. ಪರಿಚಯದ ಮೇಡಂ ಮನೆ ಬಾಗಿಲಿಗೆ ಬಂದು ಗ್ರಂಥಾಲಯ ಬೇಕೇ ಎಂದು ಕೇಳಿದರೆ ಬೇಡವೆನ್ನುವಷ್ಟು ಒರಟುತನ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಇಲ್ಲ. ಅವರು ಬರೆದದ್ದು ಸುಳ್ಳೇನೂ ಆಗಿರಲಿಲ್ಲ, ಅದು ಮರ್ಯಾದೆಯ ಉತ್ತರವಾಗಿತ್ತು. ನಾಳೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಜನ ತಮಗೆ ಒಳ್ಳೆಯದೆನಿಸಿದ ಉತ್ತರ ಕೊಡುತ್ತಾರೆ. ನಿನ್ನೆ ಏನು ಮಾಡಿದಿರಿ ಎಂದು ಕೇಳಿದಾಗ ನಡೆದದ್ದನ್ನು ಹೇಳುತ್ತಾರೆ. ಆದ್ದರಿಂದ ಫಾರಂ ಬದಿಗಿಟ್ಟು, ಐದಾರು ಮಂದಿಯ ಜೊತೆ ಬಿಡುವಿನ ಹೊತ್ತಿನಲ್ಲಿ ಕುಳಿತು ಮಾತನಾಡಿ. ಆರಂಭಕ್ಕೆ ಅಷ್ಟು ಜನ ಸಾಕು, ಏಕೆಂದರೆ ಇಲ್ಲಿ ನೀವು ತಲೆ ಎಣಿಸುತ್ತಿಲ್ಲ, ಕಾರಣ ಹುಡುಕುತ್ತಿದ್ದೀರಿ. ಆ ಐದಾರು ಜನರನ್ನು ಬೇಕೆಂದೇ ಬೇರೆ ಬೇರೆ ತುದಿಗಳಿಂದ ಆರಿಸಿಕೊಳ್ಳಬೇಕು: ಹೇಗೋ ಸಮಯ ಮಾಡಿಕೊಂಡು ನಿಮ್ಮಲ್ಲಿಗೆ ಬರುತ್ತಿರುವ ಯಾವಳೋ ಒಬ್ಬ ಹುಡುಗಿ, ಒಂದು ಕಾಲಕ್ಕೆ ಬರುತ್ತಿದ್ದು ನಿಲ್ಲಿಸಿದವರು, ಆ ಕಟ್ಟಡದ ಒಳಗೆ ಎಂದೂ ಕಾಲಿಡದವರು, ಓದಲು ಬಾರದ ಒಬ್ಬ ಅಜ್ಜಿ. ನಡುವಿನವರು ಹೇಳದ ಮಾತುಗಳನ್ನು ಈ ತುದಿಯವರು ಹೇಳುತ್ತಾರೆ.

ಪುಸ್ತಕದ ಸುದ್ದಿಯನ್ನು ನೀವಾಗಿ ಎತ್ತಬೇಡಿ. ಕಳೆದ ವಾರ ಏನನ್ನಾದರೂ ಓದಬೇಕಾಗಿ ಬಂದದ್ದು, ಅಥವಾ ಬೇರೆಯವರಿಂದ ಓದಿಸಿಕೊಂಡದ್ದು ಯಾವಾಗ ಎಂದು ಕೇಳಿ ನೋಡಿ. ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕು, ಮಾತ್ರೆಯ ಪಟ್ಟಿಯ ಮೇಲಿನ ತಾರೀಖು, ಶಾಲೆಯಿಂದ ಬಂದ ವಾಟ್ಸ್ಆ್ಯಪ್ ಸಂದೇಶ, ಪಹಣಿ ಇಂಥವುಗಳ ಮಾತು ಬಂದೀತು. ಯಾವುದನ್ನು ಯಾರಿಂದ ಓದಿಸಿಕೊಂಡರು, ಕೇಳಲು ಸಂಕೋಚವಾಯಿತೇ, ಎಷ್ಟು ಹೊತ್ತು ಕಾಯಬೇಕಾಯಿತು ಎಂದು ಒಂದೊಂದೇ ಕೇಳುತ್ತ ಹೋದರೆ, ಓದಿನ ಅಗತ್ಯ ಅವರ ದಿನದಲ್ಲಿ ಎಲ್ಲೆಲ್ಲಿ ಇದೆಯೆಂಬುದು ಬಿಚ್ಚಿಕೊಳ್ಳುತ್ತದೆ. ಮಾತಿನ ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆಯಿಂದ ಆ ಜಾಗವನ್ನು ತುಂಬುವ ಅವಸರ ಬೇಡ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಹಾಗೆ ಬರೆದುಕೊಳ್ಳಲು ಅನುಮತಿ ಕೇಳಿ, ಮತ್ತು ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಗೆ ಹೋಗದಂತೆ ನೋಡಿಕೊಳ್ಳಿ. ಸಣ್ಣ ಊರಿನಲ್ಲಿ ಈ ಕೊನೆಯದು ತಪ್ಪಿದರೆ ಎರಡನೆಯ ಸಲ ಯಾರೂ ನಿಮ್ಮೊಡನೆ ಬಾಯಿ ಬಿಡುವುದಿಲ್ಲ.

ಕೇಳುವುದರ ಜೊತೆಗೆ ನೋಡುವ ಕೆಲಸವೂ ಇದೆ, ನನ್ನ ಅಭಿಪ್ರಾಯದಲ್ಲಿ ಅದೇ ದೊಡ್ಡದು. ಜನರಿಗೆ ಅಭ್ಯಾಸವಾಗಿ ಹೋಗಿರುವ ಅಡಚಣೆಗಳು ಅವರ ಮಾತಿನಲ್ಲಿ ಬರುವುದಿಲ್ಲ. ನಿಮ್ಮ ಕೇಂದ್ರದ ಎದುರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುಮ್ಮನೆ ನಿಂತು ನೋಡಿ. ಬಾಗಿಲು ತೆರೆದಿರುವ ಹೊತ್ತಿನಲ್ಲಿ ಹೆಂಗಸರು ಎಲ್ಲಿರುತ್ತಾರೆ? ಮೆಟ್ಟಿಲ ಮೇಲೆ ಕುಳಿತು ಹರಟುವವರು ಯಾರು, ಅವರನ್ನು ದಾಟಿ ಒಳಗೆ ಹೋಗಬೇಕಾದವರಿಗೆ ಏನನ್ನಿಸೀತು? ಒಳಗೆ ಕುಳಿತರೆ ಹೊರಗಿನವರಿಗೆ ಕಾಣುತ್ತದೆಯೇ, ಕಂಡರೆ ಮನೆಗೆಲಸ ಬಿಟ್ಟು ಓದುತ್ತ ಕುಳಿತಿದ್ದಾಳೆಂಬ ಮಾತು ಬರುತ್ತದೆಯೇ? ಅದೇ ಹೆಂಗಸರು ಹಾಲಿನ ಡೇರಿಯ ಮುಂದೆ, ಅಂಗನವಾಡಿಯ ಬಾಗಿಲಲ್ಲಿ, ಹಿಟ್ಟಿನ ಗಿರಣಿಯಲ್ಲಿ ಎಷ್ಟು ಹೊತ್ತು ಕಾಯುತ್ತಾರೆ?

ಇಷ್ಟಾದ ಮೇಲೆ ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಮತ್ತೆ ಬರೆಯಬೇಕು. ಹೆಂಗಸರನ್ನು ಗ್ರಂಥಾಲಯಕ್ಕೆ ಕರೆತರುವುದು ಹೇಗೆ ಎಂಬ ನಿಮ್ಮ ಈಗಿನ ವಾಕ್ಯದಲ್ಲಿ ಉತ್ತರ ಆಗಲೇ ಅಡಗಿ ಕುಳಿತಿದೆ: ಅವರೇ ಬರಬೇಕು, ಅಲ್ಲಿಗೇ ಬರಬೇಕು. ಡೇರಿಯಲ್ಲಿ ಹಾಲು ಹಾಕಿ ಸರದಿಗೆ ಕಾಯುವ ತಾಯಿಯೊಬ್ಬಳು, ಯಾರ ಕಣ್ಣಿಗೂ ಬೀಳದೆ ಮನೆಗೆ ಪುಸ್ತಕ ಒಯ್ದು ತನ್ನ ಬಿಡುವಿನಲ್ಲಿ ಓದಿ ಹಿಂದಿರುಗಿಸಲು ಏನು ಮಾಡಬಹುದು ಎಂದು ಬರೆದರೆ ದಾರಿಗಳು ಹೆಚ್ಚುತ್ತವೆ. ಡೇರಿಯ ಮಾತು ನನ್ನ ಊಹೆ ಮಾತ್ರ, ನಿಮ್ಮ ಊರಿನ ಸತ್ಯ ಬೇರೆಯೇ ಇರಬಹುದು. ವಾಕ್ಯದಲ್ಲಿ ನಿರ್ದಿಷ್ಟ ವ್ಯಕ್ತಿ, ಆಕೆಯ ಅಗತ್ಯ, ಅದಕ್ಕಿರುವ ತಡೆ ಈ ಮೂರೂ ಕಾಣಬೇಕು, ಉಪಾಯ ಮಾತ್ರ ಕಾಣಬಾರದು. ಉಪಾಯಗಳನ್ನು ಹುಟ್ಟಿಸುವ ಹಂತದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಬಣ್ಣದ ಅಂಟುಚೀಟಿಗಳನ್ನು ಗೋಡೆ ತುಂಬ ಹಚ್ಚುವ ಆ ಭಾಗಕ್ಕೆ ತರಬೇತಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಸಮಯ ಹೋಗುತ್ತಿದೆ. ನೋಟ ಸರಿಯಾಗಿದ್ದರೆ ಉಪಾಯಗಳಿಗೆ ಬರವಿರುವುದಿಲ್ಲ. ಮೊದಲ ಉಪಾಯಕ್ಕೇ ಅಂಟಿಕೊಳ್ಳದಿದ್ದರೆ ಆಯಿತು.

ಆಮೇಲೆ ಕಪಾಟು, ಅನುದಾನ, ಉದ್ಘಾಟನೆ ಎಂದು ಹೋಗದೆ ಅತಿ ಕಚ್ಚಾ ರೂಪದಲ್ಲಿ ಪ್ರಯತ್ನಿಸಿ. ಒಂದು ಬುಟ್ಟಿ, ಇಪ್ಪತ್ತು ಪುಸ್ತಕ, ಹೆಸರು ಬರೆದುಕೊಳ್ಳಲು ಒಂದು ನೋಟ್‌ಬುಕ್, ಡೇರಿಯ ಜಗಲಿ, ಒಂದು ವಾರ. ಯಾವ ಫಲ ಬಂದರೆ ಮುಂದುವರಿಸುತ್ತೇವೆ, ಯಾವುದು ಬಂದರೆ ಬಿಡುತ್ತೇವೆ ಎಂಬುದನ್ನು ಬುಟ್ಟಿ ಇಡುವ ಮೊದಲೇ ಬರೆದಿಡಿ. ಇಲ್ಲವಾದರೆ ಆಮೇಲೆ ಮನಸ್ಸು ಸೋಲನ್ನೂ ಗೆಲುವೆಂದು ಓದಿಕೊಳ್ಳುತ್ತದೆ. ಮಾದರಿ ಹೀಗೆ ಒರಟಾಗಿರುವುದರಿಂದ ಇನ್ನೊಂದು ಲಾಭವಿದೆ: ಖರ್ಚು ಮಾಡಿ ಕಟ್ಟಿದ್ದನ್ನು ಕಂಡರೆ ಜನ ಹೊಗಳಿ ಸುಮ್ಮನಾಗುತ್ತಾರೆ, ಬುಟ್ಟಿಯನ್ನು ಕಂಡರೆ ಧೈರ್ಯವಾಗಿ ಕೊರತೆ ಹೇಳುತ್ತಾರೆ.

ಪ್ರಶ್ನೆ: ನಮ್ಮದು ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ಘಟಕ. ತೋಟದ ಯಜಮಾನರು ಕೇಳಿದ ವೇಗವನ್ನೇ ಕೊಟ್ಟಿದ್ದೇವೆ. ಆದರೂ ಕೆಲವು ಮನೆಗಳಲ್ಲಿ ಸುಗ್ಗಿಯ ನಡುವೆಯೇ ಯಂತ್ರ ಮೂಲೆ ಸೇರಿ, ಸುಲಿಯುವವರು ಮೆಟ್ಟುಗತ್ತಿಗೆ ಮರಳಿದ್ದಾರೆ. ಗಿರಾಕಿ ಹೇಳಿದ್ದನ್ನೇ ಮಾಡಿದರೂ ಹೀಗೇಕೆ?
— ಯಂತ್ರ ತಯಾರಕರು, ಸಾಗರ

ಉತ್ತರ: ನಿಮ್ಮ ಪತ್ರದಲ್ಲೇ ಇಬ್ಬರು ಬೇರೆ ಬೇರೆ ಜನ ಇದ್ದಾರೆ: ಹಣ ಕೊಡುವ ಯಜಮಾನರು ಮತ್ತು ಯಂತ್ರದ ಮುಂದೆ ಕೂರುವವರು. ನೀವು ಮಾತನಾಡಿಸಿದ್ದು ಮೊದಲನೆಯವರನ್ನು ಮಾತ್ರ. ಯಂತ್ರ ಕೆಟ್ಟಾಗ ಬಿಚ್ಚುವ ಮೂರನೆಯವರೊಬ್ಬರೂ ಇದ್ದಾರೆ, ಅವರ ಹೆಸರೇ ಪತ್ರದಲ್ಲಿಲ್ಲ.

ಸುಲಿಯುವ ಅಂಗಳದಲ್ಲಿ ಒಂದು ಪೂರ್ತಿ ಸರದಿ ಕುಳಿತು ನೋಡಿ. ಕೂಲಿಯನ್ನು ಸುಲಿದ ಅಡಿಕೆಯ ಅಳತೆಯ ಮೇಲೆ ಕೊಡುವಲ್ಲಿ, ಯಂತ್ರ ಬಂದ ಮೇಲೆ ಆ ಲೆಕ್ಕ ಏನಾಯಿತೆಂದು ವಿಚಾರಿಸಿ. ಕೆಲಸ ಬೇಗ ಮುಗಿದು ಕೈಗೆ ಬರುವ ಹಣ ಇಳಿಯುವುದಾದರೆ ಯಂತ್ರವನ್ನು ಇಷ್ಟಪಡಲು ಅವರಿಗೆ ಕಾರಣವೇ ಇಲ್ಲ. ಕಾಯಿಯ ಗಾತ್ರ ಹೆಚ್ಚುಕಡಿಮೆಯಾದಾಗ ಒಳಗಿನ ಅಡಿಕೆಗೆ ಗಾಯವಾಗುತ್ತದೆಯೇ, ಗಾಯವಾದದ್ದನ್ನು ಮತ್ತೆ ಕೈಯಲ್ಲಿ ಆರಿಸುವವರು ಯಾರು? ಸೀರೆಯ ಸೆರಗು ಬೆಲ್ಟಿನ ಹತ್ತಿರ ಬರುತ್ತದೆಯೇ? ಮೆಟ್ಟುಗತ್ತಿಯ ಸುತ್ತ ಕುಳಿತವರು ಹರಟುತ್ತ ರಾತ್ರಿ ಕಳೆಯುತ್ತಿದ್ದರು. ಮೋಟಾರಿನ ಸದ್ದಿನಲ್ಲಿ ಆ ಮಾತು ನಿಂತುಹೋಯಿತೇ? ಕೊನೆಯದು ಕ್ಷುಲ್ಲಕವೆನಿಸಬಹುದು, ಆದರೆ ತಿಂಗಳುಗಟ್ಟಲೆ ನಡೆಯುವ ಒಂದೇ ಬಗೆಯ ಕೆಲಸವನ್ನು ಹಗುರಾಗಿಸುವುದು ಇಂಥ ಸಂಗತಿಗಳೇ.

ದುರಸ್ತಿಯ ವಿಷಯದಲ್ಲಿ ನಮ್ಮ ಊರುಗಳ ಬೋರ್‌ವೆಲ್ ಕೈಪಂಪಿನ ಚರಿತ್ರೆಯನ್ನು ನೆನೆಯಬಹುದು. ಬರಗಾಲದ ವರ್ಷಗಳಲ್ಲಿ ಕೊಳವೆಬಾವಿ ಕೊರೆಸಿ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು, ಮೂಲತಃ ಒಂದು ಮನೆಯವರು ದಿನಕ್ಕೆ ನಾಲ್ಕಾರು ಸಲ ಬಳಸಲೆಂದು ಮಾಡಿದ ವಿದೇಶಿ ಪಂಪುಗಳ ನಕಲುಗಳಾಗಿದ್ದವು. ಇಡೀ ಹಳ್ಳಿ ಬೆಳಗಿನಿಂದ ರಾತ್ರಿಯವರೆಗೆ ಒತ್ತತೊಡಗಿದಾಗ ಅವು ಬೇಗನೆ ಕೆಟ್ಟು ನಿಂತವು. ಸೊಲ್ಲಾಪುರದ ಕಡೆ ರೂಪುಗೊಂಡಿದ್ದ ಗಟ್ಟಿ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು, 1970ರ ದಶಕದಲ್ಲಿ ಯುನಿಸೆಫ್ ಮತ್ತು ಸರ್ಕಾರ ಸೇರಿ ‘ಇಂಡಿಯಾ ಮಾರ್ಕ್ 2’ ಪಂಪನ್ನು ರೂಪಿಸಿ, ಕೊಯಮತ್ತೂರಿನ ಸುತ್ತ ಪರೀಕ್ಷಿಸಿದವು. ಅದು ಲಕ್ಷಾಂತರ ಸಂಖ್ಯೆಯಲ್ಲಿ ದೇಶದ ತುಂಬ ನಿಂತಿತು. ಆದರೂ ಒಂದು ತೊಂದರೆ ಉಳಿದಿತ್ತು: ಒಳಗಿನ ವಾಷರ್ ಬದಲಿಸಬೇಕಾದರೆ ನೆಲದೊಳಗಿನ ಪೈಪುಗಳನ್ನೆಲ್ಲ ಮೇಲೆತ್ತಬೇಕು, ಅದಕ್ಕೆ ವಿಶೇಷ ಸಲಕರಣೆಗಳೂ ನುರಿತ ತಂಡವೂ ಬೇಕು, ಆ ತಂಡ ತಾಲ್ಲೂಕಿನಿಂದ ಬರುವವರೆಗೆ ಊರು ಕಾಯಬೇಕು. ಮುಂದೆ ಬಂದ ‘ಮಾರ್ಕ್ 3’ರಲ್ಲಿ ಪೈಪನ್ನು ಅಗಲವಾಗಿಸಿ, ಪೈಪುಗಳನ್ನು ಎತ್ತದೆಯೇ ಪಿಸ್ಟನ್ನನ್ನು ಮೇಲಕ್ಕೆ ಎಳೆದು ತೆಗೆಯುವಂತೆ ಮಾಡಲಾಯಿತು. ನಿಮ್ಮ ಯಂತ್ರದ ಬ್ಲೇಡನ್ನು ಸುಗ್ಗಿಯ ರಾತ್ರಿ, ಬ್ಯಾಟರಿ ಬೆಳಕಿನಲ್ಲಿ, ಮನೆಯಲ್ಲಿರುವ ಸ್ಪ್ಯಾನರಿನಿಂದ ಬದಲಿಸಲು ಸಾಧ್ಯವೇ? ನಿಮ್ಮ ಘಟಕದ ಮೆಕ್ಯಾನಿಕ್ಕಿನಿಂದ ಮಾಡಿಸಿ ನೋಡಿದರೆ ಉಪಯೋಗವಿಲ್ಲ; ಯಂತ್ರವನ್ನು ಮೊದಲ ಸಲ ಕಾಣುತ್ತಿರುವ ಒಬ್ಬರ ಕೈಗೆ ಸ್ಪ್ಯಾನರ್ ಕೊಟ್ಟು, ನಡುವೆ ಬಾಯಿ ಹಾಕದೆ ನೋಡಿ.

ಪ್ರಶ್ನೆ: ಇದರಲ್ಲಿ ಹೊಸತೇನಿದೆ? ನಮ್ಮ ಬಡಗಿ, ಕಮ್ಮಾರರು ಬಳಸುವವರನ್ನು ಕೇಳಿಯೇ ಮಾಡಿಕೊಡುತ್ತಿದ್ದರು. ಹಳೆಯ ವಿವೇಕಕ್ಕೆ ಇಂಗ್ಲಿಷ್ ಹೆಸರಿಟ್ಟು ಮಾರುತ್ತಿದ್ದಾರೆ ಎಂದು ನನಗನ್ನಿಸುತ್ತದೆ.
— ನಿವೃತ್ತ ಉಪಾಧ್ಯಾಯರು, ಮೈಸೂರು

ಉತ್ತರ: ಮಾರುವವರ ಬಗ್ಗೆ ತಾವು ಹೇಳಿದ್ದನ್ನು ಒಪ್ಪುತ್ತೇನೆ. ಹೊಸತಿನ ಬಗ್ಗೆ ಅರ್ಧ ಮಾತ್ರ ಒಪ್ಪುತ್ತೇನೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿಯಲ್ಲಿ, ತಾವು ಕಂಡ ವಸ್ತುಗಳಲ್ಲಿ ನಮ್ಮ ತಂಬಿಗೆಯನ್ನು ಬಹಳವಾಗಿ ಮೆಚ್ಚಿದ್ದರು. ಕೈಯ ಹಿಡಿತ, ಸೊಂಟದ ಮೇಲಿನ ಸಮತೋಲ, ನೀರು ಸುರಿಯುವ ಬಗೆ, ತೊಳೆಯುವ ಸೌಕರ್ಯ, ಬೆಲೆ ಮುಂತಾದ ಎಷ್ಟೋ ಪ್ರಶ್ನೆಗಳಿಗೆ ಅದು ಉತ್ತರವಾಗಿದೆಯೆಂದೂ, ಅದನ್ನು ಒಬ್ಬರು ರೂಪಿಸಿದ್ದಲ್ಲ, ತಲೆಮಾರುಗಳು ರೂಪಿಸಿದ್ದೆಂದೂ ಅವರು ಗುರುತಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಗಲು ಆ ವರದಿಯೂ ಪ್ರೇರಣೆ. ತಲೆಮಾರುಗಳ ಕಾಲಾವಕಾಶ ಇಂದಿನ ಟಿಕೆಟ್ ಯಂತ್ರಕ್ಕೋ ಬ್ಯಾಂಕಿನ ಆ್ಯಪಿಗೋ ಸಿಗುವುದಿಲ್ಲ. ಮಾಡುವವರು ಒಂದು ಊರಿನಲ್ಲಿ, ಬಳಸುವವರು ಇನ್ನೊಂದು ಊರಿನಲ್ಲಿ ಇರುತ್ತಾರೆ. ಕಮ್ಮಾರನಿಗೆ ಸಹಜವಾಗಿ ಸಿಗುತ್ತಿದ್ದ ನೋಟವನ್ನು ಅವರು ಪ್ರಯತ್ನಪಟ್ಟು ಗಳಿಸಬೇಕಾಗಿದೆ. ಅದಕ್ಕೊಂದು ಕ್ರಮ ಬೇಕಾದದ್ದು ಆ ಕಾರಣದಿಂದ.

ತಮ್ಮ ವಾದಕ್ಕೆ ನಾನೇ ಒಂದು ಒಳ್ಳೆಯ ಸಾಕ್ಷಿ ಕೊಡಬಲ್ಲೆ. 1960ರ ದಶಕದಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರಿಗೆ ಕೊಡುತ್ತಿದ್ದ ಕೃತಕ ಪಾದ, ಬೂಟು ತೊಟ್ಟು ಕುರ್ಚಿಯ ಮೇಲೆ ಕೂರುವವರಿಗೆ ಒಗ್ಗುವಂಥದ್ದಾಗಿತ್ತು. ಚಕ್ಕಳಮಕ್ಕಳ ಹಾಕಲು, ಕುಕ್ಕರುಗಾಲಿನಲ್ಲಿ ಕೂರಲು, ಬರಿಗಾಲಿನಲ್ಲಿ ಕೆಸರುಗದ್ದೆಯಲ್ಲಿ ನಡೆಯಲು ಅದರಿಂದ ಆಗುತ್ತಿರಲಿಲ್ಲವಾದ್ದರಿಂದ ರೋಗಿಗಳು ಅದನ್ನು ಬಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಥಿ ಸೇರಿ ರಬ್ಬರಿನಿಂದ ರೂಪಿಸಿದ ‘ಜೈಪುರ ಪಾದ’ ಈ ಮೂರನ್ನೂ ಸಾಧ್ಯವಾಗಿಸಿತು. ಡಿಸೈನ್ ಥಿಂಕಿಂಗ್ ಎಂಬ ಹೆಸರು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಈ ಕ್ರಮಕ್ಕೆ ಮಿತಿಗಳೂ ಇವೆ, ಅವನ್ನು ತರಬೇತುದಾರರು ಹೇಳುವುದು ಕಡಿಮೆ. ಜಮೀನಿನ ವ್ಯಾಜ್ಯ, ಕೂಲಿಯ ದರ, ಖಾಲಿ ಬಿದ್ದಿರುವ ವೈದ್ಯರ ಹುದ್ದೆ ಇಂಥವು ಕಾನೂನು, ರಾಜಕಾರಣ ಮತ್ತು ಹಣದ ಪ್ರಶ್ನೆಗಳು. ವೈದ್ಯರೇ ಇಲ್ಲದ ಆಸ್ಪತ್ರೆಯ ಸರದಿ ಸಾಲನ್ನು ಎಷ್ಟು ಸೊಗಸಾಗಿ ವಿನ್ಯಾಸ ಮಾಡಿದರೂ ರೋಗಿಗೆ ಚಿಕಿತ್ಸೆ ಸಿಗುವುದಿಲ್ಲ.

ಪ್ರಶ್ನೆ: ಇದನ್ನು ಅಭ್ಯಾಸ ಮಾಡಲು ಯಾವ ಸಾಫ್ಟ್‌ವೇರ್ ಬೇಕು, ಯಾವ ಕೋರ್ಸ್ ಸೇರಬೇಕು?
— ಗೃಹಿಣಿ, ಕಲಬುರಗಿ

ಉತ್ತರ: ಆರಂಭಕ್ಕೆ ಎರಡೂ ಬೇಡ. ವೃತ್ತಿಯಾಗಿ ತೆಗೆದುಕೊಳ್ಳುವವರಿಗೆ ಬೆಂಗಳೂರಿನಲ್ಲೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣವಿದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿನ್ಯಾಸ ಮತ್ತು ಉತ್ಪಾದನೆಯ ವಿಭಾಗವಿದೆ. ನಿಮಗೆ ಈಗ ಬೇಕಾದದ್ದು ಗೆರೆ ಹಾಕಿದ ಒಂದು ನೋಟ್‌ಬುಕ್. ಎಡಪುಟದಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಬರೆಯಿರಿ: ಪಡಿತರ ಅಂಗಡಿಯಲ್ಲಿ ಬೆರಳಚ್ಚು ಯಂತ್ರ ಅಜ್ಜನ ಬೆರಳನ್ನು ಮೂರು ಸಲ ಒಪ್ಪಲಿಲ್ಲ, ನಾಲ್ಕನೆಯ ಸಲಕ್ಕೆ ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡರು ಎಂಬಷ್ಟು ವಿವರವಾಗಿ. ಅದಕ್ಕೆ ಕಾರಣವೇನಿರಬಹುದೆಂಬ ನಿಮ್ಮ ಊಹೆ ಬಲಪುಟಕ್ಕೆ ಹೋಗಲಿ. ತಿಂಗಳ ಕೊನೆಯಲ್ಲಿ ಬಲಪುಟಗಳನ್ನು ಮುಚ್ಚಿಟ್ಟುಕೊಂಡು ಎಡಪುಟಗಳನ್ನಷ್ಟೇ ಒಟ್ಟಿಗೆ ಓದಿ, ಎರಡು ಮೂರು ಕಡೆ ಮತ್ತೆ ಮತ್ತೆ ಬಂದಿರುವ ವಿವರಕ್ಕೆ ಗುರುತು ಹಾಕಿ. ಆ ಗುರುತನ್ನು ಹಿಡಿದು ಅದೇ ಜಾಗಕ್ಕೆ ಮತ್ತೊಮ್ಮೆ ಹೋಗಿ ನೋಡಿ ಬನ್ನಿ.